ಹಾಸನಕ್ಕಿಂತ ಚಿಕ್ಕ ದೇಶ, ವರ್ಷಕ್ಕೊಂದು ಹೊಸ ಹಾಡು

ಎಸ್ಟೋನಿಯಾ ದೇಶದ ಜನಸಂಖ್ಯೆ 13 ಲಕ್ಷ ಚಿಲ್ಲರೆ ಅಷ್ಟೆ. 2011ರ ಜನಗಣತಿ ನೋಡಿದ್ರೆ ನಮ್ಮ ಹಾಸನ ಜಿಲ್ಲೆ ಒಂದರಲ್ಲೇ 17 ಲಕ್ಷದ ಮೇಲೆ ಜನ ಇದ್ರು. ಇಷ್ಟು ಸಣ್ಣ ದೇಶ ಪ್ರತಿವರ್ಷ ಯೂರೋವಿಷನ್ ಅನ್ನೋ, ದೇಶಕ್ಕೊಂದು ಹಾಡು ಕಳಿಸೋ ಯೂರೋಪಿನ ಸ್ಪರ್ಧೆಗೆ ಹೆಂಗೆ ತಯಾರಾಗುತ್ತೆ ಅನ್ನೋದನ್ನ ಇಲ್ಲಿನ ರಾಜಧಾನಿ ಟಾಲಿನ್‌ನಲ್ಲಿ ಕೂತು ನೋಡ್ತಾ ಇರ್ತೀನಿ, ನೋಡಿದಾಗೆಲ್ಲ ನಮ್ಮ ಕಡೆ ಟಿವಿ ಸಿಂಗಿಂಗ್ ಶೋಗಳು ನೆನಪಾಗಿ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಒಳ್ಳೇ ಗಂಟಲು ಇರೋ ಮಕ್ಕಳಿಗೇನು ಬರ ಇಲ್ಲ, ಆದ್ರೆ ಅವರ ಕೈಲಿ ಹಾಡಿಸೋದು ಮೂವತ್ತು ನಲವತ್ತು ವರ್ಷದ ಹಿಂದಿನ ಸಿನಿಮಾ ಹಾಡು. ಇಲ್ಲಿ ಹಾಡೇ ಹೊಸದಿರಬೇಕು, ಮೂರು ನಿಮಿಷದೊಳಗೆ ಮುಗೀಬೇಕು, ಸ್ಪರ್ಧೆ ಇರೋದೇ ಹಾಡಿಗೆ.

ಶುರುವಾತು ಏನೂ ಚೆನ್ನಾಗಿರಲಿಲ್ಲ ಇವರದ್ದು. ಸೋವಿಯತ್ ಹಿಡಿತದಿಂದ ಬಿಡಿಸ್ಕೊಂಡು ಮೂರು ವರ್ಷಕ್ಕೆ, 1994ರಲ್ಲಿ ಮೊದಲ ಸಲ ಹೋದಾಗ ಸಿಕ್ಕಿದ್ದು ಬರೀ 2 ಪಾಯಿಂಟ್, 25 ದೇಶದಲ್ಲಿ 24ನೇ ಜಾಗ, ಅದರ ಮುಂದಿನ ವರ್ಷ ಭಾಗವಹಿಸೋಕೂ ಆಗಲಿಲ್ಲ. ಬಿಡಲಿಲ್ಲ ನೋಡಿ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗೆದ್ದೇಬಿಟ್ರು, ಹಳೇ ಸೋವಿಯತ್ ದೇಶಗಳಲ್ಲಿ ಮೊದಲು ಗೆದ್ದಿದ್ದು ಇವರೇ. ಹಾಡಿದವರಲ್ಲಿ ಒಬ್ಬರು ತಾನೆಲ್ ಪದಾರ್, ಇನ್ನೊಬ್ಬರು ಡೇವ್ ಬೆಂಟನ್. ಈ ಬೆಂಟನ್ ಹುಟ್ಟಿದ್ದು ಎಲ್ಲೋ ಕೆರಿಬಿಯನ್‌ನ ಅರೂಬಾ ದ್ವೀಪದಲ್ಲಿ, ನೆಲೆ ನಿಂತಿದ್ದು ಎಸ್ಟೋನಿಯಾದಲ್ಲಿ, ಅಂಥವರನ್ನ ನಮ್ಮವನೇ ಅಂತ ಕಳಿಸಿದ್ರಲ್ಲ ಅದು ನನ್ನಂಥ ಹೊರಗಿಂದ ಬಂದವನಿಗೆ ತುಂಬಾ ದೊಡ್ಡ ವಿಷಯ. ಗೆದ್ದ ದೇಶವೇ ಮುಂದಿನ ವರ್ಷ ನಡೆಸಬೇಕಲ್ಲ, 2002ರಲ್ಲಿ ಟಾಲಿನ್‌ನಲ್ಲಿ ನಡೆಸಿದ್ರು, ಎಸ್ಟೋನಿಯಾ ಅಂತ ಒಂದು ದೇಶ ಇದೆ ಅನ್ನೋದು ಯೂರೋಪಿನ ಮನೆಮನೆಗೆ ಗೊತ್ತಾಗಿದ್ದು ಆವಾಗ.

ಆದ್ರೆ ನನಗೆ ಮೇ ತಿಂಗಳ ದೊಡ್ಡ ಫೈನಲ್‌ಗಿಂತ ಇಷ್ಟ ಆಗೋದು ಚಳಿಗಾಲದಲ್ಲಿ ನಡೆಯೋ ಇವರ ಮನೆಯೊಳಗಿನ ಸ್ಪರ್ಧೆ, ಯೂರೋವಿಷನ್‌ಗೆ ಕಳಿಸೋ ಹಾಡನ್ನ ಆರಿಸೋದು ಇಲ್ಲೇ, ಹೆಸರು ಏಸ್ತಿ ಲೌಲ್. 2009ರಿಂದ ಇಲ್ಲಿನ ಸಾರ್ವಜನಿಕ ಟಿವಿ ಇಆರ್‌ಆರ್ ನಡೆಸ್ತಿದೆ. ರಾಕ್ ಬ್ಯಾಂಡು, ರ‍್ಯಾಪರ್‌ಗಳು, ಜಾನಪದದವರು, ಇನ್ನೂ ಮೀಸೆ ಚಿಗುರದ ಹುಡುಗರು ಎಲ್ಲಾ ಬರ್ತಾರೆ. ಎಸ್ಟೋನಿಯನ್ ಭಾಷೇಲಿ ಬರೆದ ಹಾಡಿಗೆ ಅರ್ಜಿ ಫೀ ಕಮ್ಮಿ, ಇಂಗ್ಲಿಷ್ ಹಾಡಿಗೆ ಜಾಸ್ತಿ ಅಂತ ಇಟ್ಟಿದ್ದೂ ಉಂಟು. ಭಾಷೆ ಉಳಿಸಿ ಅಂತ ಭಾಷಣ ಬಿಗಿಯೋದಕ್ಕಿಂತ ಇದು ಎಷ್ಟೋ ವಾಸಿ.

2024ರಲ್ಲಿ ಹಿಂಗೆ ಗೆದ್ದು ಹೋಗಿದ್ದು ಒಂದು ರ‍್ಯಾಪ್ ಗುಂಪು ಮತ್ತೆ ಪೂಲೂಪ್ ಅನ್ನೋ ಇಬ್ಬರ ಜೋಡಿ. ಪೂಲೂಪ್‌ನವರು ನುಡಿಸೋದು ತಲ್‌ಹಾರ್ಪ, ಕುದುರೆ ಕೂದಲಿನ ತಂತಿ ಕಟ್ಟಿ ಕಮಾನಿನಲ್ಲಿ ಉಜ್ಜಿ ನುಡಿಸೋ ಹಳೇ ಕಾಲದ ವಾದ್ಯ, ಒಂದು ಥರ ಗೊಗ್ಗರು ದನಿ. ನಮ್ಮ ಬಿಲ್ಡಿಂಗ್‌ನ ಮೇಲಿನ ಫ್ಲೋರಲ್ಲಿ ಒಬ್ಬರು ಅಜ್ಜಿ ಇದಾರೆ, ಹರೆಯದಲ್ಲಿ ಕಾಯರ್‌ನಲ್ಲಿ, ಅಂದ್ರೆ ಗುಂಪಾಗಿ ಹಾಡೋ ತಂಡದಲ್ಲಿ, ಹಾಡ್ತಿದ್ದವರು. ಆ ಹಾಡಿನ ಸಾಹಿತ್ಯ ಅವರಿಗೆ ಒಂಚೂರೂ ಸರಿಬಂದಿರಲಿಲ್ಲ, ಆದ್ರೂ ಏಸ್ತಿ ಲೌಲ್‌ನಲ್ಲಿ ಅದಕ್ಕೇ ಓಟು ಹಾಕಿದ್ರು, ತಲ್‌ಹಾರ್ಪ ಇಡೀ ಯೂರೋಪ್ ಕೇಳಲಿ ಅಂತ. ಸ್ವೀಡನ್ನಿನ ಮಾಲ್ಮೋ ಫೈನಲ್‌ನಲ್ಲಿ 20ನೇ ಜಾಗ ಬಂತು, ಅಜ್ಜಿಗೆ ಅದರ ಬಗ್ಗೆ ಬೇಜಾರೇ ಇರಲಿಲ್ಲ. ನನಗೆ ಆವತ್ತು ಅನಿಸಿದ್ದು, ನಮ್ಮ ನೀಲಗಾರರ ತಂಬೂರಿ, ಎಲ್ಲಮ್ಮನ ಭಕ್ತರ ಚೌಡಿಕೆ ಇವೆಲ್ಲ ಯಾವ ಟಿವಿ ಸ್ಪರ್ಧೇಲಿ ಹೊಸ ಹಾಡಿನ ಜೊತೆ ಬಂದಿದಾವೆ? ಬಂದ್ರೂ ಜಾನಪದ ರೌಂಡ್ ಅಂತ ಒಂದು ವಾರ.

ಇನ್ನೊಂದು, 2004ರಲ್ಲಿ ಇವರು ಕಳಿಸಿದ್ದು ವೊರು ಭಾಷೆಯ ಹಾಡು. ದಕ್ಷಿಣ ಎಸ್ಟೋನಿಯಾದ ಒಂದು ಮೂಲೇಲಿ ಆಡೋ ಮಾತು ಅದು, ಫೈನಲ್‌ಗೆ ಹೋಗಲಿಲ್ಲ. ಇರೋದೇ ಹಿಡಿಯಷ್ಟು ಜನ, ಅದರೊಳಗೂ ಸಣ್ಣ ಭಾಷೆಗೆ ದೇಶದ ಹೆಸರು ಹೊತ್ಕೊಂಡು ಹೋಗೋ ಅವಕಾಶ ಸಿಕ್ತಲ್ಲ. ನಮ್ಮ ತುಳು, ಕೊಡವ, ಬ್ಯಾರಿ, ಅರೆಭಾಷೆಯವರಿಗೆ ಕರ್ನಾಟಕದ ಹಾಡು ಅಂತ ಹೇಳ್ಕೊಳ್ಳೋ ಇಂಥ ವೇದಿಕೆ ನಾವು ಕೊಟ್ಟಿದೀವಾ?

ಎಲ್ಲಾ ಸರಿ ಇದೆ ಅಂತಲ್ಲ. 1999ರಲ್ಲಿ ಯಾವ ಭಾಷೇಲಾದ್ರೂ ಹಾಡಬಹುದು ಅಂತ ಆದ್ಮೇಲೆ ಇವರೂ ಇಂಗ್ಲಿಷ್ ಹಿಂದೆ ಓಡಿದ್ರು, 2002ರಲ್ಲಂತೂ ತಮ್ಮ ಮನೆಯಂಗಳದಲ್ಲೇ ಸ್ವೀಡನ್ ಹುಡುಗಿ ಕೈಲಿ ಇಂಗ್ಲಿಷ್ ಹಾಡು ಹಾಡಿಸಿದ್ರು, ಮೂರನೇ ಜಾಗ ಬಂತು ನಿಜ, ನನಗೆ ಮಾತ್ರ ಅದು ಒಪ್ಪಿಗೆ ಇಲ್ಲ. 2009ರಲ್ಲಿ, 2012ರಲ್ಲಿ ಅಪ್ಪಟ ಎಸ್ಟೋನಿಯನ್ ಹಾಡು ಕಳಿಸಿ ಎರಡು ಸಲಾನೂ 6ನೇ ಜಾಗ ತಗೊಂಡಿದಾರೆ, ಅಂದ್ಮೇಲೆ ಸ್ವಂತ ಭಾಷೆ ಅಡ್ಡಿ ಆಗುತ್ತೆ ಅನ್ನೋ ಮಾತು ನಿಲ್ಲಲ್ಲ.

ಓಟಿನ ಲೆಕ್ಕಾನೂ ನಾವು ಕಲೀಬೇಕು. ಯೂರೋವಿಷನ್‌ನಲ್ಲಿ ಯಾರೂ ತಮ್ಮ ದೇಶಕ್ಕೆ ತಾವೇ ಓಟು ಹಾಕೋ ಹಂಗಿಲ್ಲ, ಎಂಟು ಕೋಟಿ ಜನರ ಜರ್ಮನಿ ಕೊಡೋ 12 ಪಾಯಿಂಟಿಗೂ ಎಸ್ಟೋನಿಯಾ ಕೊಡೋ 12 ಪಾಯಿಂಟಿಗೂ ಒಂದೇ ಬೆಲೆ. ನಮ್ಮಲ್ಲಿ ಫೈನಲ್ ಬಂತು ಅಂದ್ರೆ ನಮ್ಮೂರ ಹುಡುಗನಿಗೆ ಓಟು ಹಾಕಿ ಅಂತ ವಾಟ್ಸಾಪ್ ತುಂಬ ಮೆಸೇಜು, ದೊಡ್ಡ ಊರಿನವರು ಗೆಲ್ತಾರೆ. ಅದರ ಬದಲು ನಮ್ಮ 31 ಜಿಲ್ಲೆಗಳೂ ಒಂದೊಂದು ಹೊಸ ಹಾಡು ಕಳಿಸಲಿ, ಯಾರೂ ತಮ್ಮ ಜಿಲ್ಲೆಗೆ ಓಟು ಹಾಕ್ಕೊಳ್ಳೋ ಹಂಗಿರಬಾರದು, 2011ರ ಲೆಕ್ಕದಲ್ಲಿ 96 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೂ ಐದೂವರೆ ಲಕ್ಷದ ಕೊಡಗಿಗೂ ಸಮ ಪಾಯಿಂಟ್. ಬೀದರಿನವರು ಚಾಮರಾಜನಗರದ ಹಾಡನ್ನ ಕಿವಿಗೊಟ್ಟು ಕೇಳ್ಲೇಬೇಕಾಗುತ್ತೆ ಆವಾಗ.

ದುಡ್ಡು ಎಲ್ಲಿಂದ ಅಂತೀರಾ? ಚಂದನ ಇದೆ, ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿ ಆಕಾಶವಾಣಿಗಳಲ್ಲಿ ಸ್ಟುಡಿಯೋ ಇದಾವೆ. ಪ್ರೈವೇಟ್ ಚಾನೆಲ್‌ನವರಿಗೆ ಟಿಆರ್‌ಪಿ ಚಿಂತೆ, ಅವರನ್ನ ಬಿಡಿ, ಇದನ್ನ ಸಾರ್ವಜನಿಕ ಟಿವಿ ರೇಡಿಯೋದವರೇ ಹಿಡ್ಕೋಬೇಕು. ರಾಜ್ಯೋತ್ಸವಕ್ಕೆ ಹೆಂಗೂ ಖರ್ಚು ಮಾಡ್ತೀವಿ, 2022ರಲ್ಲಿ ಕೋಟಿ ಕಂಠ ಗಾಯನ ಅಂತ ಊರೂರಲ್ಲಿ ಜನ ಸೇರಿ ಹಾಡಲಿಲ್ವಾ, ಹಾಡೋ ಹುಮ್ಮಸ್ಸಂತೂ ಇದೆ. ಆ ನವೆಂಬರ್ ತಿಂಗಳಲ್ಲೇ ಫೈನಲ್ ಇಡಿ, ಹಾಡಿನ ಹಕ್ಕು ಬರೆದವರ ಹತ್ರಾನೇ ಉಳೀಲಿ, ಮೊದಲ ವರ್ಷ 31 ಆಗದಿದ್ರೆ ಹತ್ತು ಜಿಲ್ಲೆಯಿಂದಲೇ ಶುರು ಮಾಡಿ.