ಓಟ ಬಿಟ್ಟವನೂ ಸೀದ ಹಾಲೂ

ಕೆಲಸ ಬಿಟ್ಟ ಮೇಲಿನ ಮೊದಲ ಸೋಮವಾರ. ಬೆಳಿಗ್ಗೆ ಆರಕ್ಕೆ ಅಲಾರಾಂ ಹೊಡೆಯಿತು. ಎದ್ದೆ, ಸ್ನಾನ ಮಾಡಿದೆ, ಇಸ್ತ್ರಿ ಮಾಡಿದ ಶರ್ಟನ್ನೂ ಹಾಕಿಕೊಂಡೆ. ಶೂ ಲೇಸ್ ಕಟ್ಟುವಾಗ ನೆನಪಾಯಿತು, ಹೋಗೋದಾದರೂ ಎಲ್ಲಿಗೆ? 20 ವರ್ಷ ಗಾಣ ಸುತ್ತಿದ ಎತ್ತು ನೊಗ ಬಿಚ್ಚಿದ ತಕ್ಷಣ ಸುಮ್ಮನಿರುತ್ತದೆಯೇ?

ಇನ್ನು ಮೇಲೆ ಸುಮ್ನೆ ಕೂತು ಓದೋದು ಅಂತ ತೀರ್ಮಾನ ಮಾಡಿದ್ದೆ. ಕಪಾಟಿನ ತುಂಬ 'ಪುರುಸೊತ್ತಾದಾಗ ಓದೋಣ' ಅಂತ ಕೊಂಡಿಟ್ಟ ಪುಸ್ತಕಗಳೇ. ಆದರೆ ಓದಲು ಕೂರುವ ಮೊದಲು ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ಮಾಡಿದೆ. ದಿನಕ್ಕೆ 50 ಪುಟ ಟಾರ್ಗೆಟ್. ಮುಟ್ಟಿದರೆ ಹಸಿರು, ತಪ್ಪಿದರೆ ಕೆಂಪು. ಬುಧವಾರದ ಹೊತ್ತಿಗೆ ಎಲ್ಲ ಕೆಂಪು. ಗುರುವಾರ ಹುಡುಕಿ ಹುಡುಕಿ ಕವನ ಸಂಕಲನ ಎತ್ತಿಕೊಂಡೆ. ಪುಟಕ್ಕೆ ಎಂಟೇ ಸಾಲು ನೋಡಿ! ಬಾಸ್ ಇಲ್ಲದ ಮನೆಯಲ್ಲೂ ಬಾಸ್ ಕಣ್ಣಿಗೆ ಮಣ್ಣೆರಚುವ ಅಭ್ಯಾಸ ಹೋಗಿರಲಿಲ್ಲ.

ಶುಕ್ರವಾರ ಒಲೆ ಮೇಲೆ ಹಾಲಿಟ್ಟು, ಉಕ್ಕುವವರೆಗೆ ಇರಲಿ ಅಂತ ಅಮೆರಿಕದ ಲೇಖಕ ಥೋರೋ ಬರೆದ 'ವಾಲ್ಡನ್' ತೆರೆದೆ. ಓಟ ಬಿಟ್ಟವರಿಗೆಲ್ಲ ಥೋರೋ ಕುಲಗುರು ಇದ್ದ ಹಾಗೆ. 1845ರಲ್ಲಿ ವಾಲ್ಡನ್ ಎಂಬ ಕೊಳದ ದಂಡೆಯಲ್ಲಿ ಪುಟ್ಟ ಮನೆ ಕಟ್ಟಿಕೊಂಡು ಎರಡು ವರ್ಷ, ಎರಡು ತಿಂಗಳು, ಎರಡು ದಿನ ಬಾಳಿದ ಮಹಾನುಭಾವ. ನನಗೆ ಸಮಾಧಾನ ಸಿಕ್ಕಿದ್ದು ಮಾತ್ರ ಅವನ ಉಪದೇಶದಿಂದಲ್ಲ, ಮುನ್ನುಡಿಯಲ್ಲಿದ್ದ ಅವನ ಫಜೀತಿಗಳಿಂದ. ಅವನ ಮೊದಲ ಪುಸ್ತಕ 1849ರಲ್ಲಿ 1000 ಪ್ರತಿ ಅಚ್ಚಾಯಿತಂತೆ, ಅದೂ ಅವನದೇ ಖರ್ಚಿನಲ್ಲಿ. ನಾಲ್ಕು ವರ್ಷ ಕಳೆದ ಮೇಲೆ ಪ್ರಕಾಶಕರು 706 ಪ್ರತಿಗಳನ್ನು ವಾಪಸ್ ಕಳಿಸಿದರು. ಅವನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದವನು ದಿನಚರಿಯಲ್ಲಿ ಬರೆದುಕೊಂಡ: ನನ್ನ ಬಳಿ ಈಗ ಸುಮಾರು 900 ಪುಸ್ತಕಗಳಿವೆ, ಅದರಲ್ಲಿ 700ಕ್ಕೂ ಜಾಸ್ತಿ ನಾನೇ ಬರೆದದ್ದು! ನನ್ನ ಮೂರು ಕೆಂಪು ಖಾನೆ ಯಾವ ಲೆಕ್ಕ?

ಇನ್ನೂ ಖುಷಿಯ ಸಂಗತಿ ಮುಂದಿತ್ತು. ಕೊಳಕ್ಕೆ ಹೋಗುವ ಹಿಂದಿನ ವರ್ಷ ಗೆಳೆಯನ ಜೊತೆ ಮೀನು ಬೇಯಿಸಲು ಒಲೆ ಹೂಡಿದ್ದಾನೆ. ಕಿಡಿ ಒಣಹುಲ್ಲಿಗೆ ತಾಗಿ ಸುಮಾರು 300 ಎಕರೆ ಕಾಡು ಸುಟ್ಟುಹೋಯಿತು. ಓದುತ್ತಾ ಓದುತ್ತಾ ಮೂಗಿಗೆ ಸುಟ್ಟ ವಾಸನೆಯೇ ಬಡಿಯತೊಡಗಿತು. ಮುನ್ನುಡಿ ಬರೆದವರ ಕೈಗೆ ಎಂಥಾ ಶಕ್ತಿ ಅಂದುಕೊಂಡೆ.

"ರೀ, ಹಾಲು!"

ಓಡಿದೆ. ಹಾಲು ಇರಲಿಲ್ಲ. ಪಾತ್ರೆಯ ತಳ ಇದ್ದಿಲಾಗಿತ್ತು.

"ನೋಡು, ಥೋರೋ ಅಂಥವನೇ 300 ಎಕರೆ ಕಾಡು ಸುಟ್ಟಿದ್ದಾನೆ. ನನ್ನದು ಒಂದೇ ಪಾತ್ರೆ ತಾನೇ?" ಎಂದೆ.

"ಕಾಡು ತಾನಾಗೇ ಚಿಗುರುತ್ತೆ. ಪಾತ್ರೆ ತಾನಾಗೇ ಬೆಳ್ಳಗಾಗಲ್ಲ," ಎಂದು ಹೆಂಡತಿ ಉಜ್ಜುವ ನಾರನ್ನು ಕೈಗಿಟ್ಟಳು.

ಮುಕ್ಕಾಲು ಗಂಟೆ ಉಜ್ಜಿದೆ. ರಾತ್ರಿ ಶೀಟ್ ತೆರೆದು ಶುಕ್ರವಾರದ ಖಾನೆಯಲ್ಲಿ 'ಓದಿದ್ದು 11 ಪುಟ, ಉಜ್ಜಿದ್ದು 1 ಪಾತ್ರೆ' ಅಂತ ಬರೆದು ಹಸಿರು ಬಣ್ಣ ತುಂಬಿದೆ.