ಗೋಡೆಗೆ ತೂಗುಹಾಕಿದ ಗಿಟಾರುಗಳನ್ನು ನಾವು ಕೇಳುವುದು ಯಾವಾಗ?

ತಮ್ಮ ಬಳಿಯಿರುವ ಎಲೆಕ್ಟ್ರಿಕ್ ಗಿಟಾರ್ ಮತ್ತು ಬೇಸ್‌ಗಳನ್ನು (ಮಂದ್ರ ಸ್ವರದ ಗಿಟಾರುಗಳನ್ನು) ಗೋಡೆಯ ಮೇಲೆ ಸಾಲಾಗಿ ತೂಗುಹಾಕಿ, ಫೋಟೋ ತೆಗೆದು, ಒಂದೊಂದರ ಇಸವಿ, ಮರ, ಬಣ್ಣಗಳನ್ನು ವಿವರಿಸುವ ಅಭ್ಯಾಸ ಬೆಂಗಳೂರಿನ ಸಂಗೀತಗಾರರಲ್ಲಿ ಚೆನ್ನಾಗಿಯೇ ಬೇರೂರಿದೆ. ಇದನ್ನು ಒಣ ಪ್ರತಿಷ್ಠೆ ಎಂದು ಹಳಿಯುವವರ ಜೊತೆ ನಾನು ಸೇರುವುದಿಲ್ಲ. ಇರುವುದು ಎರಡು ಕೈ, ಗಿಟಾರ್ ಯಾಕೆ ಹತ್ತು ಎಂದು ಕೇಳುವವರು ಫೆಂಡರ್ ಕಂಪನಿಯ ಒಂದು ಟೆಲಿಕಾಸ್ಟರ್ ಮತ್ತು ಗಿಬ್ಸನ್ ಕಂಪನಿಯ ಒಂದು ಲೆಸ್ ಪಾಲ್ ಗಿಟಾರನ್ನು ಒಂದೇ ಆಂಪ್‌ಗೆ (ಧ್ವನಿವರ್ಧಕಕ್ಕೆ) ಜೋಡಿಸಿ ಒಮ್ಮೆ ಕೇಳಿದರೆ ಸಾಕು. ನನ್ನ ತಕರಾರು ಬೇರೆ: ನಾವು ಈ ವಾದ್ಯಗಳನ್ನು ಎಲ್ಲರಿಗೂ ತೋರಿಸುತ್ತೇವೆಯೇ ಹೊರತು ಯಾರಿಗೂ ಕೇಳಿಸುವುದಿಲ್ಲ.

ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ಮತ್ತು 2011ರಲ್ಲಿ ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡಗಳು ನುಡಿಸಿ ಹೋದುದನ್ನು ಈ ಊರು ಇನ್ನೂ ಹೆಮ್ಮೆಯಿಂದ ನೆನೆಯುತ್ತದೆ. 1990ರ ದಶಕದಲ್ಲಿ ಇಲ್ಲಿಯೇ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್ ತಂಡಗಳ ಬಗ್ಗೆಯೂ ನಮಗೆ ಅಭಿಮಾನವಿದೆ. ಆದರೆ ರಾಜಾಜಿನಗರದ ಒಬ್ಬ ಹುಡುಗ ಬೇಸ್ ಕಲಿಯಲು ಹೊರಟರೆ, ಪ್ರಿಸಿಷನ್ ಬೇಸ್, ಜಾಝ್ ಬೇಸ್ ಎಂಬ ಎರಡು ಹೆಸರಾಂತ ಮಾದರಿಗಳ ನಡುವೆ ಇರುವ ವ್ಯತ್ಯಾಸವನ್ನು ತನ್ನ ಕೈಯಿಂದಲೇ ನುಡಿಸಿ ತಿಳಿಯುವುದಕ್ಕೆ ಎಲ್ಲಿಗೆ ಹೋಗಬೇಕು? ಅಂಗಡಿಗಳಲ್ಲಿ ಬಹುಪಾಲು ಕಲಿಯುವವರ ವಾದ್ಯಗಳೇ ಇರುತ್ತವೆ. ಬೆಲೆಬಾಳುವ ವಾದ್ಯವನ್ನು ಮುಟ್ಟಲು ಹೋದರೆ ಮಾರುವವರ ಮುಖ ಬಿಗಿಯುತ್ತದೆ. ಹಳೆಯ, ಒಳ್ಳೆಯ ವಾದ್ಯಗಳು ಇರುವುದು ಖಾಸಗಿ ಮನೆಗಳಲ್ಲಿ. ಹಾಗಾಗಿ ಈ ಊರಿನಲ್ಲಿ ಸಂಗ್ರಹಕಾರನ ಮನೆಯೇ ಗ್ರಂಥಾಲಯ, ಅದರ ಬಾಗಿಲು ತೆರೆದಿದ್ದರೆ.

ಕೇಳಿಸುವುದಾದರೆ ಮಾತನಾಡಲು ಎಷ್ಟೊಂದು ವಿಷಯವಿದೆ ನೋಡಿ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. 1957ರಲ್ಲಿ ಅದರ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ಎರಡು ತುಂಡುಗಳಾಗಿ, ಪ್ರತಿ ತುಂಡೂ ಎರಡೆರಡು ತಂತಿಗಳನ್ನು ನೋಡಿಕೊಳ್ಳುವಂತಾಯಿತು. 1960ರ ಜಾಝ್ ಬೇಸ್‌ನಲ್ಲಿ ಎರಡು ಪ್ರತ್ಯೇಕ ಪಿಕಪ್‌ಗಳಿವೆ, ಕುತ್ತಿಗೆಯೂ ತಲೆಯ ಕಡೆ ಕಿರಿದು. ಎರಡರಲ್ಲೂ ತಂತಿಯ ಉದ್ದ 34 ಇಂಚೇ ಆದರೂ ನುಡಿಸುವವರ ಬೆರಳಿನ ಅನುಭವವೇ ಬೇರೆ, ಕೇಳುವವರ ಕಿವಿಗೆ ತಲುಪುವ ನಾದವೂ ಬೇರೆ. ಜಾಝ್ ಬೇಸ್‌ನ ಎರಡೂ ವಾಲ್ಯೂಮ್‌ಗಳನ್ನು ಪೂರ್ತಿ ತಿರುಗಿಸಿದಾಗ ಸುಮ್ಮನಿರುವ ಗುಂಯ್ ಸದ್ದು, ಒಂದನ್ನು ಸ್ವಲ್ಪ ಇಳಿಸಿದ ಕೂಡಲೇ ಮೇಲೇಳುತ್ತದೆ. ಎರಡು ಸುರುಳಿಗಳು ಒಂದರ ಗದ್ದಲವನ್ನು ಇನ್ನೊಂದು ಅಳಿಸುವುದು ಎರಡೂ ಸಮವಾಗಿದ್ದಾಗ ಮಾತ್ರ. ಎರಡು ಸುರುಳಿಗಳನ್ನು ಒಟ್ಟಿಗೆ ಜೋಡಿಸಿದ ಹಂಬಕರ್ ಪಿಕಪ್‌ನ ತತ್ವವೂ ಇದೇ. ಆ ಗುಂಯ್ ಸದ್ದು ಬರುವುದು ಮನೆಯ ವಿದ್ಯುತ್ತಿನಿಂದ, ನಮ್ಮ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯಲ್ಲಿ) ಸಿಗುವ ಸ್ವರದ ಕಂಪನ 49. ಅರ್ಥಿಂಗ್ ಇಲ್ಲದ ಬಾಡಿಗೆ ಕೋಣೆಯ ಪ್ಲಗ್ಗಿಗೆ ಆಂಪ್ ಹಾಕಿದವನು ಆ ಸ್ವರವನ್ನು ನುಡಿಸುವಾಗ, ತನ್ನ ತಂತಿಯ ಜೊತೆ ವಿದ್ಯುತ್ ಇಲಾಖೆಯೂ ಶ್ರುತಿ ಹಿಡಿದಂತೆ ಕೇಳಿಸಿದರೆ ಅದು ಭ್ರಮೆಯಲ್ಲ. ಇಂತಹ ಸಂಗತಿ ಯಾವ ಫೋಟೋದಲ್ಲಿ ಕಾಣಿಸುತ್ತದೆ?

ಫೋಟೋಗಳ ಕೆಳಗಿನ ಚರ್ಚೆ ಮಾತ್ರ ಬಹುಮಟ್ಟಿಗೆ ದೇಹದ ಮರದ ಸುತ್ತಲೇ ತಿರುಗುತ್ತದೆ. ಮರ ಆಲ್ಡರೋ ಆಶೋ ಎಂಬ ಜಗಳ ಕೆಲವೊಮ್ಮೆ ರಾತ್ರಿ ಎರಡರವರೆಗೂ ನಡೆಯುತ್ತದೆ. ಪಿಕಪ್ ಯಾವುದು, ಅದು ತಂತಿಗೆ ಎಷ್ಟು ಹತ್ತಿರವಿದೆ, ತಂತಿ ಹೊಸದೋ ಹಳೆಯದೋ, ಅದರ ಉದ್ದ ಫೆಂಡರ್‌ನ ಇಪ್ಪತ್ತೈದೂವರೆ ಇಂಚೋ ಗಿಬ್ಸನ್‌ನ ಇಪ್ಪತ್ತನಾಲ್ಕೂ ಮುಕ್ಕಾಲು ಇಂಚೋ ಎಂಬ ಪ್ರಶ್ನೆಗಳ ಮುಂದೆ ಅದು ಬಹಳ ಚಿಕ್ಕ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಮರದ ಬಗ್ಗೆ ಮಾತನಾಡಲೇಬೇಕೆಂದಿದ್ದರೆ ಬೀಟೆಯ ಬಗ್ಗೆ ಮಾತನಾಡೋಣ. ಫೆಂಡರ್‌ನ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ರೋಸ್‌ವುಡ್ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಬಂದದ್ದು 1959ರಲ್ಲಿ. ಮೊದಲು ಬ್ರೆಜಿಲ್ ಮರ ಬಳಸುತ್ತಿದ್ದ ಕಂಪನಿ 1960ರ ದಶಕದಲ್ಲಿ ಭಾರತದ ಮರಕ್ಕೆ ಬದಲಾಯಿತು. 'ಇಂಡಿಯನ್ ರೋಸ್‌ವುಡ್' ಎಂದು ನಾವು ಗೌರವದಿಂದ ಉಚ್ಚರಿಸುವುದು ಮಲೆನಾಡಿನಲ್ಲೂ ಕೊಡಗಿನಲ್ಲೂ ಬೆಳೆಯುವ ಅದೇ ಬೀಟೆಯನ್ನು. 2017ರ ಜನವರಿಯಲ್ಲಿ ಈ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಾಗ ಫೆಂಡರ್ ತನ್ನ ಮೆಕ್ಸಿಕೊ ಗಿಟಾರುಗಳಿಗೆ ಪಾವ್ ಫೆರೊ ಎಂಬ ಬೇರೆ ಮರವನ್ನು ಹಿಡಿಯಿತು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ 'ಪಾವ್ ಫೆರೊದಲ್ಲಿ ಆ ಬೆಚ್ಚಗಿನ ನಾದವಿಲ್ಲ' ಎಂದು ಮೂಗು ಮುರಿಯುವವರು ನಮ್ಮಲ್ಲೂ ಹುಟ್ಟಿಕೊಂಡಿದ್ದರು. ಕಣ್ಣು ಮುಚ್ಚಿಸಿ ಕೇಳಿಸಿದರೆ ಅವರಲ್ಲಿ ಎಷ್ಟು ಮಂದಿ ಗುರುತಿಸುತ್ತಾರೋ.

ಗೋಡೆಯ ಮೇಲೆ ಉಳಿದ ವಾದ್ಯಕ್ಕೆ ಇನ್ನೊಂದು ತೊಂದರೆಯಿದೆ. ಮಳೆಗಾಲದ ತೇವ ಮತ್ತು ಫೆಬ್ರವರಿ, ಮಾರ್ಚ್‌ಗಳ ಒಣ ಹವೆಯ ನಡುವೆ ನಮ್ಮ ಊರಿನಲ್ಲಿ ಕುತ್ತಿಗೆಯ ಬಾಗು ಬದಲಾಗುತ್ತದೆ, ಮರ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚುತ್ತವೆ, ತಂತಿ ತುಕ್ಕು ಹಿಡಿಯುತ್ತದೆ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ. ದಿನವೂ ನುಡಿಸುವವನಿಗೆ ಇದು ತಕ್ಷಣ ಗೊತ್ತಾಗುತ್ತದೆ. ಧೂಳು ಒರೆಸುವುದಕ್ಕೆ ಮಾತ್ರ ಕೆಳಗಿಳಿಸುವವನಿಗೆ ಗೊತ್ತಾಗುವುದೇ ಇಲ್ಲ.

ದೊಡ್ಡ ಸಂಗ್ರಹವೇ ತಪ್ಪು ಎಂದು ಹೇಳುವಾಗ ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹೆಸರನ್ನು ಎಳೆದು ತರುವವರಿದ್ದಾರೆ. ಜೇಮರ್ಸನ್ 1962ರ ಒಂದು ಪ್ರಿಸಿಷನ್ ಬೇಸ್‌ನಲ್ಲಿ, ತಂತಿಯನ್ನೂ ಬದಲಿಸದೆ, ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಎಷ್ಟೋ ಹಾಡುಗಳನ್ನು ನುಡಿಸಿದ್ದು ನಿಜ. ಆದರೆ ನೂರಕ್ಕೂ ಹೆಚ್ಚು ಗಿಟಾರುಗಳನ್ನು ಕೂಡಿಸಿದ್ದ, ಪಿಂಕ್ ಫ್ಲಾಯ್ಡ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವುಗಳಲ್ಲಿ ಹಲವನ್ನು ಧ್ವನಿಮುದ್ರಣಕ್ಕೂ ವೇದಿಕೆಗೂ ದುಡಿಸಿ, 2019ರಲ್ಲಿ ಹರಾಜಿಗಿಟ್ಟು, ಬಂದ ಸುಮಾರು 2.1 ಕೋಟಿ ಡಾಲರನ್ನು ಪರಿಸರ ಕಾನೂನಿನ ಒಂದು ಸಂಸ್ಥೆಗೆ ಕೊಟ್ಟರು. ಎರಡೂ ದಾರಿಗಳಲ್ಲಿ ವಾದ್ಯ ಕೆಲಸ ಮಾಡಿದೆ.

ಸಂಗ್ರಹವಿರುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರದ ಕೂಟದಲ್ಲಿ ಒಂದೇ ಆಂಪ್, ಒಂದೇ ಕೇಬಲ್, ನುಡಿಸುವವರು ಒಬ್ಬರೇ ಇರಲಿ. ಎಲ್ಲ ವಾದ್ಯಗಳಲ್ಲೂ ಅದೇ ನಾಲ್ಕು ಸಾಲು ನುಡಿಸಲಿ, ಕೇಳುವವರು ಬೆನ್ನು ಹಾಕಿ ಕುಳಿತಿರಲಿ, ಇಸವಿ ಮತ್ತು ಬೆಲೆ ಆಮೇಲೆ ತಿಳಿಯಲಿ. ನಂತರ ಬಂದಿರುವ ಹುಡುಗ ಹುಡುಗಿಯರ ಕೈಗೂ ಅವನ್ನು ಕೊಡಿ. ಗೀರು ಬೀಳುವ ಭಯವಿದ್ದರೆ ಬೆಲ್ಟು ಬಿಚ್ಚಿಡಲು ಹೇಳಿದರಾಯಿತು. ಮತ್ತು ದಯವಿಟ್ಟು ಬೇಸ್‌ಗಳಿಂದಲೇ ಆರಂಭಿಸಿ. ಅವುಗಳನ್ನು ಕೊನೆಗೆ ಇಟ್ಟುಕೊಂಡರೆ ಅಷ್ಟು ಹೊತ್ತಿಗೆ ಅರ್ಧ ಜನ ಕಾಫಿಗೆ ಎದ್ದು ಹೋಗಿರುತ್ತಾರೆ.