ಕೀಲೆಣ್ಣೆಯ ಪಂಚಾಂಗ

ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳನ್ನಿಟ್ಟು, ಬೂದುಗುಂಬಳ ಒಡೆದು, ಹೊಸ ಡೀಸೆಲ್ ಗಾಡಿಯನ್ನು ಶೋರೂಮಿನಿಂದ ಮನೆಯ ಬಾಗಿಲಿಗೆ ತಂದು ನಿಲ್ಲಿಸುವಷ್ಟರಲ್ಲಿ ಅದು ಓಡಿದ್ದು ಹದಿನಾಲ್ಕು ಕಿಲೋಮೀಟರು. ಅಷ್ಟರೊಳಗೆ ಅದರ ಎಂಜಿನ್ ಆಯಿಲನ್ನು ಯಾವಾಗ ಬದಲಾಯಿಸಬೇಕೆಂಬ ಬಗ್ಗೆ ನನಗೆ ದೊರೆತ ಉಪದೇಶಗಳು ಐದು. ಸೋದರಮಾವ ಮೊದಲ 1,000 ಕಿ.ಮೀ.ಗೇ ತೆಗೆಸಿಬಿಡಬೇಕು ಎಂದರು. ಪಕ್ಕದ ಮನೆಯವರು 5,000 ಎಂದರು. ಬೀದಿಯ ತುದಿಯ ಗ್ಯಾರೇಜಿನ ಮೆಕ್ಯಾನಿಕ್, ಯಾರೂ ಕೇಳದಿದ್ದರೂ, 7,500 ಎಂದು ತೀರ್ಪು ಕೊಟ್ಟರು. ಗಾಡಿಯ ಕೀಲಿಕೈ ಕೊಟ್ಟ ಹುಡುಗ 10,000 ಕಿ.ಮೀ. ಅಥವಾ ಒಂದು ವರ್ಷ, 'ಯಾವುದು ಮೊದಲೋ ಅದು' ಎಂದು ಬಾಯಿಪಾಠ ಒಪ್ಪಿಸಿದ್ದ. ಸ್ಟುಟ್‌ಗಾರ್ಟಿನಲ್ಲಿರುವ ಭಾವಮೈದ ವಿಡಿಯೊ ಕರೆಯಲ್ಲಿ ಆರತಿ ನೋಡುತ್ತಲೇ, ತನ್ನ ಕಾರಿಗೆ 30,000ದವರೆಗೂ ಚಿಂತೆಯಿಲ್ಲವೆಂದು ನಕ್ಕ.

ಏಕಾದಶಿಯಲ್ಲಿಯೂ ಸ್ಮಾರ್ತರಿಗೊಂದು ದಿನ, ವೈಷ್ಣವರಿಗೊಂದು ದಿನ ಬರುವುದುಂಟು. ಆದರೆ ಅಲ್ಲಿ ಅಂತರ ಒಂದು ದಿನದ್ದು. ಕೀಲೆಣ್ಣೆಯ ಪಂಚಾಂಗದಲ್ಲಿ ಒಂದು ಮತಕ್ಕೂ ಇನ್ನೊಂದಕ್ಕೂ ಮೂವತ್ತು ಪಟ್ಟು ಅಂತರವಿದೆ, ಮತ್ತು ಪ್ರತಿ ಮತದವರೂ ತಮ್ಮ ಸಂಖ್ಯೆಯನ್ನು ಮೀರಿದವನ ಎಂಜಿನ್ ಸೀಜ್ ಆಗಿಯೇ ತೀರುತ್ತದೆಂದು ನಂಬಿದ್ದಾರೆ. ಇದಕ್ಕೊಂದು ಮೂಲಗ್ರಂಥ ಇಲ್ಲವೆಂದಲ್ಲ. ಅದು ಎಲ್ಲ ಗಾಡಿಗಳಲ್ಲೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ, ವಿಮೆಯ ಕಾಗದ ಮತ್ತು ಮಂತ್ರಾಕ್ಷತೆಯ ಪೊಟ್ಟಣದ ನಡುವೆ, ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯನ್ನು ಹೊದ್ದುಕೊಂಡು ಮಲಗಿರುತ್ತದೆ. ಅದನ್ನು ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಗಾಡಿ ಮಾರುವಾಗ ಹೊಸ ಮಾಲೀಕನಿಗೆ ಅದು ಮುಟ್ಟದೆ ಉಳಿದಿದೆಯೆಂದು ತೋರಿಸುವುದು ಗಾಡಿಯನ್ನು ಜೋಪಾನವಾಗಿ ಇಟ್ಟುಕೊಂಡದ್ದಕ್ಕೆ ಸಾಕ್ಷಿ.

ಸೋದರಮಾವನನ್ನು ನಾನು ಹಗುರವಾಗಿ ಕಾಣಲಾರೆ. ಅವರು ಲಾರಿ ನಡೆಸಿದ ಕಾಲದಲ್ಲಿ ಅವರ ಮಾತು ವೇದವಾಕ್ಯವೇ ಆಗಿತ್ತು. ಆಗ ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಆಯಿಲಿನಲ್ಲಿ ಸೇರುತ್ತಿತ್ತು. ಆಯಿಲೋ, ಸಾದಾ ಖನಿಜ ತೈಲ. ಡೀಸೆಲಿನಲ್ಲಿದ್ದ ಗಂಧಕ ಉರಿದು ಆಮ್ಲವಾಗಿ, ಆಯಿಲಿನಲ್ಲಿದ್ದ ಕ್ಷಾರವನ್ನೆಲ್ಲ ಬೇಗ ತಿಂದು ಮುಗಿಸುತ್ತಿತ್ತು. ಆದರೆ ದೇಶದಾದ್ಯಂತ 2010ರಲ್ಲಿ ಬಂದ ಬಿಎಸ್-3 (ಭಾರತ್ ಸ್ಟೇಜ್ ಎಂಬ ಹೊಗೆಯ ಮಾನದಂಡದ ಮೂರನೆಯ ಮೆಟ್ಟಿಲು) ಡೀಸೆಲಿನಲ್ಲಿ ದಶಲಕ್ಷಕ್ಕೆ 350 ಭಾಗದಷ್ಟಿದ್ದ ಗಂಧಕದ ಮಿತಿ, 2017ರ ಬಿಎಸ್-4ರಲ್ಲಿ 50ಕ್ಕೂ, 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6ರಲ್ಲಿ 10ಕ್ಕೂ ಇಳಿಯಿತು. ಸರಕಾರ ಒಂದು ಮೆಟ್ಟಿಲನ್ನೇ ಹಾರಿ ನಾಲ್ಕರಿಂದ ಆರಕ್ಕೆ ಹೋದರೂ ಸೋದರಮಾವ ಮಾತ್ರ 1,000 ಕಿ.ಮೀ.ಯ ಮೈಲಿಗಲ್ಲನ್ನು ಬಿಟ್ಟು ಕದಲಲಿಲ್ಲ. ಆಣೆ, ಕಾಸಿನಲ್ಲಿ ಲೆಕ್ಕ ಹೇಳುವ ಹಿರಿಯರ ಗಣಿತ ತಪ್ಪಿರುವುದಿಲ್ಲ. ನಾಣ್ಯ ಮಾತ್ರ ಚಲಾವಣೆಯಲ್ಲಿರುವುದಿಲ್ಲ.

ಮೆಕ್ಯಾನಿಕ್ ಮತ್ತು ಸರ್ವಿಸ್ ಸೆಂಟರಿನವರ ವಾದ ಇದಕ್ಕಿಂತ ನಾಟಕೀಯವಾದುದು. ಅವರು ಆಯಿಲಿನ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು, ಬಿಳಿಯ ಟಿಶ್ಯೂ ಕಾಗದದ ಮೇಲೆ ಒರೆಸಿ, ಶವದ ಮುಖದ ಮೇಲಿನ ಬಟ್ಟೆ ಸರಿಸುವವರ ಗಾಂಭೀರ್ಯದಲ್ಲಿ, 'ನೋಡಿ ಸಾರ್, ಹೇಗೆ ಕಪ್ಪಾಗಿದೆ' ಎನ್ನುತ್ತಾರೆ. ಅದನ್ನು ಕಂಡು ಎದೆ ಗಟ್ಟಿಯಿರುವವನೂ ತೊಗಲಿನ ಚೀಲಕ್ಕೆ ಕೈ ಹಾಕುತ್ತಾನೆ. ಡೀಸೆಲ್ ಎಂಜಿನ್ನಿಗೆ ಹಾಕಿದ ಜೇನಿನ ಬಣ್ಣದ ಆಯಿಲು ಕೆಲವು ನೂರು ಕಿಲೋಮೀಟರುಗಳಲ್ಲೇ ಕಾಡಿಗೆಯಾಗುತ್ತದೆ, ಏಕೆಂದರೆ ಉರಿದ ಮಸಿ ಎಂಜಿನ್ನಿನ ಗೋಡೆಗೆ ಅಂಟದಂತೆ ಹಿಡಿದು ತನ್ನೊಳಗೆ ತೇಲಿಸಿಟ್ಟುಕೊಳ್ಳುವುದೇ ಅದಕ್ಕೆ ವಹಿಸಿದ ಕೆಲಸ. ನೆಲ ಒರೆಸಿದ ಬಟ್ಟೆ ಕೊಳೆಯಾಯಿತೆಂದು ಅದನ್ನು ಆಪಾದಿತನ ಸ್ಥಾನದಲ್ಲಿ ನಿಲ್ಲಿಸಿ ವಿಚಾರಣೆ ನಡೆಸುವ ನ್ಯಾಯಾಲಯ ಸರ್ವಿಸ್ ಸೆಂಟರೊಂದೇ. ಹಾಕಿ ಎಷ್ಟೋ ದಿನವಾದರೂ ಕಪ್ಪಾಗದೆ ಉಳಿದ ಡೀಸೆಲ್ ಎಂಜಿನ್ನಿನ ಆಯಿಲು ಸಿಕ್ಕರೆ ಅದನ್ನೇ ಅನುಮಾನದಿಂದ ನೋಡಬೇಕು.

ಒಂದು ಭಾನುವಾರ ನಾನು ಸಂಪ್ರದಾಯ ಮುರಿದು ಮೂಲಗ್ರಂಥದ ಪ್ಲಾಸ್ಟಿಕ್ಕನ್ನು ಹರಿದೆ. ಹುಡುಗ ಹೇಳಿದ್ದ 10,000 ಅಲ್ಲಿ ಇತ್ತು, ನಿಜ. ಆದರೆ ಅದರ ಕೆಳಗೆ, ಲಾಟರಿ ಟಿಕೇಟಿನ ಹಿಂಬದಿಯ ನಿಯಮಗಳಂಥ ಸಣ್ಣ ಅಕ್ಷರಗಳಲ್ಲಿ, ಗಾಡಿಯನ್ನು 'ಕಠಿಣ ಪರಿಸ್ಥಿತಿ'ಗಳಲ್ಲಿ ಓಡಿಸುವವರು ಆಯಿಲನ್ನು ಇನ್ನೂ ಬೇಗ ಬದಲಾಯಿಸಬೇಕೆಂದು ಬರೆದಿತ್ತು. ಕಠಿಣ ಪರಿಸ್ಥಿತಿ ಎಂದರೆ ಮರಳುಗಾಡೋ ಹಿಮಾಲಯವೋ ಇರಬೇಕೆಂದುಕೊಂಡು ಪಟ್ಟಿ ಓದಿದೆ: ಧೂಳಿನ ರಸ್ತೆ, ನಿಂತು ನಿಂತು ಸಾಗುವ ಸಂಚಾರ, ಎಂಜಿನ್ ಬಿಸಿಯೇರುವ ಮುನ್ನವೇ ಮುಗಿಯುವ ಚಿಕ್ಕ ಪ್ರಯಾಣ, ಎಂಜಿನ್ ಚಾಲೂ ಇಟ್ಟುಕೊಂಡು ಬಹಳ ಹೊತ್ತು ನಿಲ್ಲುವುದು. ಪುಸ್ತಕ ಬರೆದವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಬರೆದರೇ ಎಂಬ ಸಂಶಯ ನನಗೆ ಇಂದಿಗೂ ಪರಿಹಾರವಾಗಿಲ್ಲ. ಬೆಂಗಳೂರಿಗರು ಸಹಜವೆಂದುಕೊಂಡು ಬದುಕುತ್ತಿರುವುದು ಎಂಜಿನಿಯರುಗಳ ನಿಘಂಟಿನಲ್ಲಿ ಅಪವಾದ. ಅವರ ಸಹಜವನ್ನು ನೋಡಬೇಕಾದರೆ ನಾವು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದಾವಣಗೆರೆಯ ಕಡೆ ಹೊರಡಬೇಕು.

ಅಸಲು ವಿನೋದ ಇರುವುದು ಕಿಲೋಮೀಟರೆಂಬ ಅಳತೆಗೋಲಿನಲ್ಲಿ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 80 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ 10,000 ಕಿ.ಮೀ. ಮುಗಿಸುವಷ್ಟರಲ್ಲಿ ಅದರ ಎಂಜಿನ್ ದುಡಿದಿರುವುದು 125 ಗಂಟೆ. ಹೊರವರ್ತುಲ ರಸ್ತೆಯಲ್ಲಿ ಸರಾಸರಿ 20 ಕಿ.ಮೀ.ಯಲ್ಲಿ ತೆವಳುವ ನನ್ನ ಗಾಡಿಯ ಎಂಜಿನ್ ಅಷ್ಟೇ ದೂರಕ್ಕೆ ದುಡಿಯುವುದು 500 ಗಂಟೆ. ಸಿಗ್ನಲ್ಲಿನಲ್ಲಿ ನಿಂತಾಗ ಕಿಲೋಮೀಟರು ತೋರಿಸುವ ಮೀಟರು ಧ್ಯಾನಸ್ಥವಾಗಿರುತ್ತದೆ. ಆಯಿಲು ಮಾತ್ರ ಬೇಯುತ್ತಿರುತ್ತದೆ. ಈ ಸತ್ಯ ಮಂಡ್ಯದ ಟ್ರ್ಯಾಕ್ಟರ್ ಮಾಲೀಕರಿಗೆ ಎಂದೋ ಗೊತ್ತು. ಅವರ ಟ್ರ್ಯಾಕ್ಟರಿನಲ್ಲಿ ಗಂಟೆಯ ಮೀಟರಿದೆ. ಹಲವು ಟ್ರ್ಯಾಕ್ಟರುಗಳ ಪುಸ್ತಕ 250 ಗಂಟೆಗೊಮ್ಮೆ ಆಯಿಲ್ ಬದಲಾಯಿಸಿ ಎನ್ನುತ್ತದೆ. ಗದ್ದೆಯಲ್ಲಿ ಎಷ್ಟು ಕಿಲೋಮೀಟರು ಉತ್ತಿರಿ ಎಂದು ಅವರನ್ನು ಕೇಳಿದರೆ ನಕ್ಕಾರು. ಟ್ರ್ಯಾಕ್ಟರಿಗಿಂತ ನಿಧಾನವಾಗಿ ಚಲಿಸುವ ನಗರದ ಐಷಾರಾಮಿ ಗಾಡಿಗೆ ಮಾತ್ರ ನಾವು ಕುದುರೆಯ ಲೆಕ್ಕ ಹಾಕುತ್ತೇವೆ.

ಇನ್ನು ಡಿಪಿಎಫ್ ಎಂಬ ಮಸಿಜಾಲರಿಯ ಕಥೆ. ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯ ದಾರಿಯಲ್ಲಿ ಇದನ್ನು ಕೂರಿಸಿದ್ದಾರೆ. ಇದು ಮಸಿಯನ್ನು ಹಿಡಿದಿಟ್ಟುಕೊಂಡು, ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟುಬಿಡುತ್ತದೆ. ಅಷ್ಟು ಬಿಸಿ ಬರಬೇಕಾದರೆ ಗಾಡಿ ಒಂದಿಷ್ಟು ಹೊತ್ತು ತಡೆಯಿಲ್ಲದೆ ಓಡಬೇಕು. ಹೀಗಾಗಿ ನಗರದ ಗಾಳಿ ಶುದ್ಧವಾಗಿರಲೆಂದು ಅಳವಡಿಸಿದ ಉಪಕರಣ ನಗರದಲ್ಲಿ ಮಾತ್ರ ಕೆಲಸ ಮಾಡಲಾರದು. ಜಾಲರಿ ತುಂಬಿದೆಯೆಂದು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಂಡಾಗ ಸರ್ವಿಸ್ ಅಡ್ವೈಸರ್ ಕೊಡುವ ಚಿಕಿತ್ಸೆ ಏನೆಂದರೆ, ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ ಎಂಬುದು. ನಾನು ಹೋಗಿದ್ದೇನೆ. ಡೀಸೆಲ್ ಸುಟ್ಟು, ಟೋಲ್ ಕಟ್ಟಿ, ನೆಲಮಂಗಲ ದಾಟಿ ಮಸಿ ಸುಟ್ಟು, ಮತ್ತೆ ಟೋಲ್ ಕಟ್ಟಿ, ಪರಿಸರ ರಕ್ಷಿಸಿದ ಸಮಾಧಾನದಿಂದ ಗೊರಗುಂಟೆಪಾಳ್ಯದ ದಟ್ಟಣೆಗೆ ಮರಳಿ, ಜಾಲರಿಯನ್ನು ಮತ್ತೆ ತುಂಬಿಸಿದ್ದೇನೆ.

ಈ ಸುಡುವಿಕೆಗೆಂದು ಬಹುತೇಕ ಎಂಜಿನ್ನುಗಳು ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲನ್ನು ಚಿಮ್ಮಿಸುತ್ತವೆ. ನಾವು ನಡುವೆಯೇ ಮನೆ ತಲುಪಿ ಎಂಜಿನ್ ಆರಿಸಿದರೆ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ, ಮರುದಿನ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಪ್ರತಿ ಸಲವೂ ಒಂದಷ್ಟು ಡೀಸೆಲ್ ಸಿಲಿಂಡರಿನ ಗೋಡೆಯ ಮೇಲಿಂದ ಜಾರಿ ಕೆಳಗಿನ ಆಯಿಲಿಗೆ ಸೇರುತ್ತದೆ. ಆಯಿಲು ತೆಳ್ಳಗಾಗುತ್ತದೆ, ಮಟ್ಟ ಮಾತ್ರ ಏರುತ್ತದೆ. ಕಚೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಗಾಡಿಯ ಡಿಪ್‌ಸ್ಟಿಕ್ಕಿನಲ್ಲಿ ಆಯಿಲು ಮೇಲಿನ ಗುರುತನ್ನೂ ದಾಟಿರುವುದನ್ನು ಕಂಡು, ತಮ್ಮ ಗಾಡಿ ಒಂದು ಹನಿಯನ್ನೂ ಕುಡಿಯುವುದಿಲ್ಲ, ಬದಲಿಗೆ ಅದರಲ್ಲಿ ಎಣ್ಣೆ ಅಕ್ಷಯವಾಗುತ್ತಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಕಿಲೋಮೀಟರು ನೋಡದೆ, ವರ್ಷ ನೋಡದೆ ಆಯಿಲನ್ನು ತೆಗೆಸಲೇಬೇಕಾದ ಸಂದರ್ಭ ಇದು. ನನಗೆ ಬಂದ ಐದು ಉಪದೇಶಗಳಲ್ಲಿ ಇದರ ಸುಳಿವೇ ಇರಲಿಲ್ಲ.

ಯಾವಾಗ ಎಂಬ ಜಗಳದಲ್ಲಿ ಯಾವುದು ಎಂಬ ಪ್ರಶ್ನೆಯೂ ಕಳೆದುಹೋಗಿದೆ. ಮಸಿ ಸುಟ್ಟರೆ ಹೋಗುತ್ತದೆ. ಆಯಿಲಿನಲ್ಲಿರುವ ಲೋಹದ ಲವಣಗಳ ಬೂದಿ ಸುಟ್ಟರೂ ಹೋಗುವುದಿಲ್ಲ, ಜಾಲರಿಯಲ್ಲೇ ಕುಳಿತುಬಿಡುತ್ತದೆ. ಆ ಕಾರಣಕ್ಕೆ ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕೆಂದು ಪುಸ್ತಕ ಹೇಳುತ್ತದೆ. 5,000ಕ್ಕೇ ನಿಷ್ಠೆಯಿಂದ ಬದಲಾಯಿಸುವ ಪಕ್ಕದ ಮನೆಯವರು, ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂದು, ಊರಿನ ಟ್ರ್ಯಾಕ್ಟರಿಗೆ ತಂದು ಉಳಿದಿದ್ದ ಡಬ್ಬದಿಂದಲೇ ಹಾಕಿಸುತ್ತಾರೆ. ಏಕಾದಶಿಯನ್ನು ತಪ್ಪದೆ ಆಚರಿಸಿ, ಅಂದು ಬಿಸಿಬೇಳೆಬಾತ್ ಉಣ್ಣುವ ವ್ರತ ಅದು.

ಒಂದು ವರ್ಷ ತುಂಬಿದಾಗ ನನ್ನ ಗಾಡಿ ಓಡಿದ್ದು 6,240 ಕಿ.ಮೀ. 'ಯಾವುದು ಮೊದಲೋ ಅದು' ಎಂಬ ಸೂತ್ರದಂತೆ ವರ್ಷವೇ ಮೊದಲು ಬಂದಿತ್ತು. ಅದು 'ಉಚಿತ' ಸರ್ವಿಸ್. ಉಚಿತವಾದದ್ದು ಕೂಲಿ ಮಾತ್ರ. ಆಯಿಲು ತೆಗೆಯುವ ಮುನ್ನ ಎಂಜಿನ್ನಿನ ಹೊಟ್ಟೆ ತೊಳೆಯಲು ಒಂದು ಔಷಧ, ಹೊಸತು ಹಾಕಿದ ಮೇಲೆ ಅದಕ್ಕೆ ಬಲ ಬರಲು ಇನ್ನೊಂದು ಔಷಧ ಬಿಲ್ಲಿನಲ್ಲಿ ಕುಳಿತಿದ್ದವು. ಇವೆರಡೂ ಪುಸ್ತಕದಲ್ಲಿ ಇಲ್ಲವಲ್ಲ ಎಂದು ನಾನು ಅದನ್ನು ತೆರೆದು ತೋರಿಸಿದಾಗ, ಸರ್ವಿಸ್ ಅಡ್ವೈಸರ್ ಅಪರೂಪದ ಹಸ್ತಪ್ರತಿ ಕಂಡವರಂತೆ ಅದನ್ನು ತಿರುವಿ ನೋಡಿ, 'ಇದು ಕಂಪನಿಯವರು ಬರೆದದ್ದು ಸಾರ್, ನಮ್ಮ ರಸ್ತೆಗೆ ನಡೆಯಲ್ಲ, ಇನ್ನೂ ಬೇಗ ಬನ್ನಿ' ಎಂದರು. ರಸ್ತೆಯ ವಿಷಯದಲ್ಲಿ ಅವರ ಮಾತು ಸರಿಯೇ ಇತ್ತಾದ್ದರಿಂದ ನನಗೆ ಉತ್ತರ ಹೊಳೆಯಲಿಲ್ಲ. ಎರಡೂ ಔಷಧಗಳನ್ನು ಬಿಲ್ಲಿನಿಂದ ತೆಗೆಸಿದೆ; ಬೇಗ ಬನ್ನಿ ಎಂಬ ಸಲಹೆಯನ್ನು ಉಳಿಸಿಕೊಂಡೆ. ಹೊರಡುವಾಗ ಅವರು ಗಾಜಿನ ಮೂಲೆಗೆ ಅಂಟಿಸಿದ ಚೀಟಿಯಲ್ಲಿ ಮುಂದಿನ ಸರ್ವಿಸ್ 16,240ಕ್ಕೆ ಎಂದಿತ್ತು.

ಸರ್ವಿಸ್ ಸೆಂಟರಿನ ಹಿಂದಿನ ಅಂಗಳದಲ್ಲಿ ನನ್ನ ಗಾಡಿಯಿಂದ ಇಳಿಸಿದ ಆರು ಲೀಟರು ಕರಿಯ ಆಯಿಲು ಡ್ರಮ್ಮಿಗೆ ಸೇರಿತು. ಕಾನೂನಿನ ಕಣ್ಣಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಅಂಥದನ್ನೇ ಕ್ಯಾನುಗಳಲ್ಲಿ ಒಯ್ದು, ಕಾಂಕ್ರೀಟು ಅಂಟದಂತೆ ಸೆಂಟ್ರಿಂಗ್ ಹಲಗೆಗಳಿಗೆ ಬಳಿಯುವುದನ್ನು ನಮ್ಮ ಬಡಾವಣೆಯಲ್ಲಿ ಏಳುತ್ತಿರುವ ಮನೆಗಳ ಮುಂದೆ ನಾನು ಎಷ್ಟೋ ಸಲ ನೋಡಿದ್ದೇನೆ. ಆ ಮನೆಗಳಿಗೆ ಒಂದೊಂದು ಕಾರು ಬರುತ್ತದೆ, ರಸ್ತೆ ಇನ್ನಷ್ಟು ನಿಧಾನವಾಗುತ್ತದೆ.

ಮನೆಗೆ ಬಂದು ಸೋದರಮಾವನಿಗೆ ಫೋನ್ ಮಾಡಿ, ಕೊನೆಗೂ ಆಯಿಲ್ ಬದಲಾಯಿಸಿದೆನೆಂದು ತಿಳಿಸಿದೆ. ಅವರಿಗೆ ಬಹಳ ಸಂತೋಷವಾಯಿತು. 'ಒಳ್ಳೇದಾಯ್ತು ಬಿಡು' ಎಂದರು. 'ಈಗ ಹೊಸ ಆಯಿಲ್ ಅಲ್ವೇನೋ? ಒಂದು ಸಾವಿರ ಆಗ್ತಿದ್ದ ಹಾಗೆ ತೆಗೆಸಿಬಿಡು.'